ಮೂರನೇ ಸಲ ಕೇಳಬೇಕು

ಬೆಟ್ಟದ ಮೇಲಿನ ನಮ್ಮೂರು ಕುಂತುರ್‌ಪಾಟದಲ್ಲಿ ಹುಟ್ಟಿದವರಿಗೆ ತಾಯಿಯ ಹಾಲಿನ ಜೊತೆಗೇ ಒಂದು ಪಾಠ ಸಿಗುತ್ತದೆ. ಯಾರಾದರೂ ಊಟಕ್ಕೆ ಕರೆದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ ಅನ್ನಬೇಕು, ಆದರೆ ಸ್ವಲ್ಪ ಮೆತ್ತಗೆ. ಮೂರನೇ ಸಲಕ್ಕೆ "ನಿಮ್ಮ ಮನಸ್ಸು ನೋಯಿಸಬಾರದಲ್ಲ" ಎಂದು ನಿಟ್ಟುಸಿರು ಬಿಟ್ಟು, ಕರೆದವರಿಗೇ ಉಪಕಾರ ಮಾಡುವವರ ಹಾಗೆ ಕೈಚಾಚಿ, ಆಮೇಲೆ ಮೂರು ಬಟ್ಟಲು ಇಳಿಸಬೇಕು. ಮೊದಲ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ. ಮೂರು ಸಲ ಕೇಳದವನು ಜುಗ್ಗ. ಇಷ್ಟೇ ನಮ್ಮ ಶಾಸ್ತ್ರ. ಹಸಿದು ಸಾಯುತ್ತಿರುವ ನಮ್ಮೂರಿನವನ ಮುಂದೆ ಬಟ್ಟಲು ಹಿಡಿದು ಒಂದೇ ಸಲ ಕೇಳಿ ನೋಡಿ, ಮರ್ಯಾದೆಯಿಂದ ಸಾಯುತ್ತಾನೆ.

ಈ ಶಾಸ್ತ್ರದಲ್ಲಿ ನಿಕಾನೋರ್‌ನನ್ನು ಮೀರಿಸುವವರು ಮೇಲಿನ ಸೀಮೆಯಲ್ಲೇ ಇರಲಿಲ್ಲ. ಅವನ "ಬೇಡ" ಎಷ್ಟು ಗಟ್ಟಿ, ಎಷ್ಟು ನಯ ಎಂದರೆ ಕೇಳಿದವರಿಗೆ ಅವನು ಹುಟ್ಟಿದಾಗಿನಿಂದ ಊಟವನ್ನೇ ಮಾಡಿಲ್ಲವೇನೋ ಅನಿಸಬೇಕು. ಪ್ರತಿ ವರ್ಷ ಆಲೂಗಡ್ಡೆ ಅಗೆದ ಮೇಲೆ ಹನ್ನೆರಡು ಲಾಮಾಗಳ ಮೇಲೆ ಮೂಟೆ ಹೇರಿಕೊಂಡು, ಒಂದು ಹಗಲು ಪೂರ್ತಿ ಇಳಿದು, ಕೆಳಗಿನ ಕಣಿವೆಯ ಸಾರಮಾಯುಗೆ ಹೋಗುತ್ತಿದ್ದ. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಅವನ ಗೆಳೆಯನಾಗಿದ್ದ ಲಿಸಾಂದ್ರೊ. ಇವನು ಆಲೂಗಡ್ಡೆ ಕೊಟ್ಟರೆ ಅವನು ಮುಸುಕಿನ ಜೋಳ ಕೊಡುತ್ತಿದ್ದ. ದಣಿದು ಅಂಗಳದಲ್ಲಿ ಕುಸಿದವನ ಮುಂದೆ ಲಿಸಾಂದ್ರೊನ ಹೆಂಡತಿ ಓರ್ತೆನ್ಸಿಯಾ ಹೊಗೆಯಾಡುವ ಜೋಳದ ಗಂಜಿ ತಂದು ನಿಲ್ಲುತ್ತಿದ್ದಳು.

"ಗಂಜಿ ಕುಡೀತೀರಾ?"

"ಬೇಡ ತಾಯಿ, ದಾರೀಲೇ ಆಯ್ತು."

"ಸರಿ ಹಾಗಾದ್ರೆ," ಎಂದು ಓರ್ತೆನ್ಸಿಯಾ ಬಟ್ಟಲು ವಾಪಸು ಒಳಗೆ ಒಯ್ಯುತ್ತಿದ್ದಳು.

ಬಟ್ಟಲಿನ ಹಿಂದೆಯೇ ನಿಕಾನೋರ್‌ನ ಕಣ್ಣೂ ಒಳಗೆ ಹೋಗುತ್ತಿತ್ತು. ಈಗ ಬರುತ್ತಾಳೆ, ಎರಡನೇ ಸಲ ಕೇಳುತ್ತಾಳೆ ಎಂದು ಕಾಯುತ್ತಿದ್ದ. ಬರುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತಿಗೆ ಅವನು ವರ್ಷಕ್ಕೊಮ್ಮೆ ನಡೆದುಹೋಗಿ ಸಾಕ್ಷಿ ಹೇಳಿ ಬರುತ್ತಿದ್ದ. ಊರಿಗೆ ಮರಳಿದ ಮೇಲೆ ಜಗಲಿಯಲ್ಲಿ ಕೂತು ವರದಿ ಒಪ್ಪಿಸುತ್ತಿದ್ದ. "ಚಿನ್ನದಂಥ ಜೋಳ ಬೆಳೀತಾರೆ ಕಣ್ರೋ. ಒಂದು ಬಟ್ಟಲು ಗಂಜಿಗೆ ಎರಡನೇ ಸಲ ಬಾಯಿ ಬಿಡಲ್ಲ. ಜುಗ್ಗರು!" ಊರು ತಲೆದೂಗುತ್ತಿತ್ತು.

ಇನ್ನು ಲಿಸಾಂದ್ರೊ ಮೇಲೆ ಬಂದಾಗಿನ ಕತೆ ಬೇರೆ. ನಿಕಾನೋರ್‌ನ ಹೆಂಡತಿ ಬಾಸಿಲಿಯಾ, "ಒಂದು ಬಟ್ಟಲು..." ಎಂದು ಬಾಯಿ ತೆರೆಯುವುದರೊಳಗೆ, "ಹಾಕಮ್ಮಾ, ಹಸಿದು ಸತ್ತೆ!" ಎಂದುಬಿಡುತ್ತಿದ್ದ. ಬಾಸಿಲಿಯಾ ಸೌಟು ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಆದರೂ ನಮ್ಮವಳು ನಮ್ಮ ಶಾಸ್ತ್ರ ಬಿಡುವವಳಲ್ಲ, ಎರಡನೇ ಸಲ ಕೇಳುತ್ತಿದ್ದಳು. ಅವನು ಹೂಂ ಅನ್ನುತ್ತಿದ್ದ. ಮೂರನೇ ಸಲ ಕೇಳುತ್ತಿದ್ದಳು, ಅವನು ಬೆವರುತ್ತಾ ಅದಕ್ಕೂ ಹೂಂ ಅನ್ನುತ್ತಿದ್ದ. ಆಮೇಲೆ ಒಲೆಯ ಪಕ್ಕ ಹಾಸಿದ ಕುರಿ ಚರ್ಮದ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದ. "ನಾವು ತಿನ್ನಿಸಿದ್ದಲ್ಲ, ಅವನು ತಿಂದಿದ್ದು," ಎಂದು ನಿಕಾನೋರ್ ಪಕ್ಕದ ಮನೆಯವರಿಗೆ ಹೇಳುತ್ತಿದ್ದ.

ಅಲ್ಲಿಂದ ಹುಟ್ಟಿದ್ದು ಹೊಟ್ಟೆರಾಯನ ವೇಷ. ಜುಲೈ ತಿಂಗಳ ಸಂತ ಸಾಂತಿಯಾಗೋ ಹಬ್ಬದಲ್ಲಿ ನಮ್ಮೂರಿನವರು ಹೊರಗಿನವರ ವೇಷ ಹಾಕಿ ಕುಣಿಯುವುದು ಅಜ್ಜಂದಿರ ಕಾಲದಿಂದ ಬಂದದ್ದು. ಒಬ್ಬ ವಕೀಲನಾಗುತ್ತಾನೆ, ಒಬ್ಬ ಸಿಪಾಯಿಯಾಗುತ್ತಾನೆ, ಒಬ್ಬ ಕ್ಯಾಮೆರಾ ತೂಗುಹಾಕಿಕೊಂಡ ಬಿಳಿಯನಾಗಿ ನಾಯಿಗೂ ಕತ್ತೆಗೂ ಫೋಟೊ ತೆಗೆಯುತ್ತಾನೆ. ನಿಕಾನೋರ್ ಕಣಿವೆಯವನಾದ. ಅಂಗಿಯೊಳಗೆ ಅಲ್ಪಾಕದ ಉಣ್ಣೆ ತುರುಕಿ ಗುಡಾಣದಂಥ ಹೊಟ್ಟೆ ಮಾಡಿಕೊಂಡ. ಕೆಂಪು ಕೆನ್ನೆಯ, ಉದ್ದ ಮೂಗಿನ ಮುಖವಾಡ ಕಟ್ಟಿಕೊಂಡ. ಹೆಗಲಿನಷ್ಟೆತ್ತರದ ಮರದ ಸೌಟು ಹಿಡಿದು ಮನೆಮನೆಯ ಮುಂದೆ ನಿಂತು, ವೇಷದವರು ಮಾತಾಡಬೇಕಾದ ಕೀರಲು ದನಿಯಲ್ಲಿ "ಹಾಕಮ್ಮಾ, ಹಾಕು!" ಎಂದು ಕೂಗಿದ. ಮೊದಲ ವರ್ಷವೇ ಜನ ಬಿದ್ದು ಬಿದ್ದು ನಕ್ಕರು. ಹಬ್ಬಕ್ಕೆ ಬಂದಿದ್ದ ಲಿಸಾಂದ್ರೊ ಕೂಡ ಮುಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ. ಪಾಪ, ಪೆದ್ದ, ತನ್ನದೇ ವೇಷ ಅಂತ ಗೊತ್ತಾಗಲಿಲ್ಲ ಅಂದುಕೊಂಡ ನಿಕಾನೋರ್. ಹಾಗೆಯೇ ಅಂದುಕೊಳ್ಳುತ್ತಾ ಹದಿನೆಂಟು ವರ್ಷ ಕುಣಿದ.

ಹೀಗಿರುವಾಗ ಲಿಸಾಂದ್ರೊನ ಮಗ ಅಬೆಲ್, ನಿಕಾನೋರ್‌ನ ಮಗಳು ಎಲ್ವಿರಾಳನ್ನು ಮೆಚ್ಚಿದ. ಅವಳೂ ಮೆಚ್ಚಿದಳು. ನಿಕಾನೋರ್‌ಗೆ ಒಳಗೊಳಗೇ ಸಂತೋಷ. ಅದನ್ನು ಹೊರಗೆ ತೋರಿಸುವುದು ಅವನ ಪೈಕಿಯವರಿಗೆ ಬರುವುದಿಲ್ಲ. ಎಲ್ವಿರಾಗೆ ಆಗ ಇಪ್ಪತ್ಮೂರು ವರ್ಷ. ಅವಳು ಆರು ವರ್ಷದವಳಿದ್ದಾಗಿನಿಂದ, ಬೆಳಗಿನ ಮಂಜಿನಲ್ಲಿ ಅಲ್ಪಾಕಗಳನ್ನು ಹೊಡೆದುಕೊಂಡು ಹೊರಡುವಾಗ, ಅವಳ ಜೇಬಿಗೆ ಒಂದು ಬಿಸಿ ಬಿಸಿ ಬೇಯಿಸಿದ ಆಲೂಗಡ್ಡೆ ಹಾಕುತ್ತಿದ್ದ, ಕೈ ಬೆಚ್ಚಗಿರಲಿ ಎಂದು. ಅಪ್ಪ ಮಗಳ ಮಾತುಕತೆ ಅಷ್ಟೇ. ಅವಳೂ ಏನೂ ಹೇಳುತ್ತಿರಲಿಲ್ಲ, ಇವನೂ ಆಕಾಶ ನೋಡುತ್ತಾ ಹಾಕುತ್ತಿದ್ದ.

ಏಪ್ರಿಲ್‌ನಲ್ಲಿ ಲಿಸಾಂದ್ರೊ ಹೆಣ್ಣು ಕೇಳಲು ಬಂದ. ಎರಡು ಕೊಡ ಜೋಳದ ಹೆಂಡ, ಹುರಿದ ಗಿನಿಹಂದಿ, ಒಂದು ಕಟ್ಟು ಕೋಕಾ ಎಲೆ. ಆ ಏರುದಾರಿಯಲ್ಲಿ ಯಾರೂ ಹಾಕದ ಚರ್ಮದ ಬೂಟು ಬೇರೆ ಹಾಕಿದ್ದ, ಹಿಮ್ಮಡಿ ಸುಲಿದುಹೋಗಿತ್ತು. ಕುಂಟುತ್ತಾ ಬಂದು, ಟೊಪ್ಪಿ ತೆಗೆದು, ಒಂದೇ ಉಸಿರಿಗೆ ಕೇಳಿದ. "ನಿಕಾನೋರ್, ನಿನ್ನ ಮಗಳನ್ನ ನನ್ನ ಮಗನಿಗೆ ಕೊಡು."

ನಿಕಾನೋರ್‌ಗೆ ಆ ಕ್ಷಣ ಹಬ್ಬವಾದಂತಾಯಿತು. ಎಂಥ ದೊಡ್ಡ ಮಾತು! ಇಂಥ ಮಾತಿಗೆ ಎಂಥ ದೊಡ್ಡ ಬೇಡ ಬೇಕು! ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನಮ್ಮ ಹಿರಿಯರು ಹೇಳಿಕೊಟ್ಟ ಮೊದಲನೆಯ ನಿರಾಕರಣೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. "ಇಲ್ಲ ಕಣಯ್ಯಾ. ನನ್ನ ಮಗಳಿಗೆ ಆಲೂಗಡ್ಡೆ ಸಿಪ್ಪೆ ಸುಲಿಯೋಕೂ ಬರಲ್ಲ. ಕೊಡಲ್ಲ."

ಎರಡನೇ ಸಲಕ್ಕೆ ಹೇಳಬೇಕಾದ್ದೂ ನಾಲಿಗೆಯ ತುದಿಯಲ್ಲಿತ್ತು: "ಅವಳಿಲ್ಲದೆ ನಮ್ಮ ನಾಯಿ ಊಟ ಬಿಡುತ್ತೆ." ಮೂರನೇ ಸಲಕ್ಕೆ ಅಳುತ್ತಾ ಒಪ್ಪಬೇಕು. ಅಳುವುದಕ್ಕೂ ಅವನು ತಯಾರಾಗಿದ್ದ.

ಲಿಸಾಂದ್ರೊ ಟೊಪ್ಪಿ ಹಾಕಿಕೊಂಡ. "ಸರಿ ಹಾಗಾದ್ರೆ," ಎಂದು ಬಂದ ದಾರಿಯಲ್ಲೇ ಕುಂಟುತ್ತಾ ಇಳಿದುಹೋದ. ಕೊಡಗಳನ್ನು ಕೂಡ ಬಿಟ್ಟುಹೋದ.

ಮೂರು ತಿಂಗಳು ನಿಕಾನೋರ್ ಕಲ್ಲುಗೋಡೆಯ ಮೇಲೆ ಕೂತು ದಾರಿ ನೋಡಿದ. ಪ್ರತಿ ಸಲ ಕೂರುವ ಮೊದಲು ಟೊಪ್ಪಿಯಿಂದ ಕಲ್ಲನ್ನು ಮೂರು ಬಾರಿ ಕೊಡವಿ ಕೂರುತ್ತಿದ್ದ, ಅದು ಅವನ ರೂಢಿ. ಎರಡನೇ ಸಲ ಕೇಳಲು ಬರುತ್ತಾನೆ, ಬಂದೇ ಬರುತ್ತಾನೆ. ಬರಲಿಲ್ಲ.

"ಅಪ್ಪಾ, ಅವರಲ್ಲಿ ಬೇಡ ಅಂದ್ರೆ ಬೇಡ ಅಂತಾನೇ," ಎಂದಳು ಎಲ್ವಿರಾ. "ಅಬೆಲ್ ಎಷ್ಟು ಹೇಳಿದ್ರೂ ಅವರಪ್ಪ ಕೇಳ್ತಿಲ್ಲ. 'ನನ್ನ ಕಿವೀಲೇ ಕೇಳಿದೀನಿ. ಸಿಪ್ಪೆ ಸುಲಿಯೋಕೆ ಬರದ ಹುಡುಗೀನೂ ನಮಗೆ ಕೊಡಲ್ವಂತೆ' ಅಂತಾರಂತೆ. ಹಬ್ಬ ಕಳೆದ ಮೇಲೆ ಬೇರೆ ಕಡೆ ಹೆಣ್ಣು ನೋಡ್ತಾರಂತೆ."

"ಹೋಗಿ ಒಂದು ಮಾತು ಹೇಳಿ ಬನ್ನಿ ಅಂದ್ರೆ," ಎಂದಳು ಬಾಸಿಲಿಯಾ, "ಗೋಡೆ ಮೇಲೆ ಗೂಬೆ ಥರ ಕೂತಿದೀರಿ."

"ಹೆಣ್ಣಿನ ಅಪ್ಪ ಕಣೇ ನಾನು! ಹೋಗಿ ಏನಂತ ಹೇಳ್ಲಿ? 'ಬಾರಯ್ಯಾ, ಇನ್ನೆರಡು ಸಲ ಕೇಳು' ಅಂತಾನಾ? ಮಗಳ ವಿಷಯದಲ್ಲೂ ಜುಗ್ಗತನ ಮಾಡಿದ್ನಲ್ಲ ಆ ಮನುಷ್ಯ. ಇನ್ನೆರಡು ಸಲ ಬಾಯಿ ಬಿಟ್ಟಿದ್ರೆ ಅವನ ಗಂಟೇನು ಹೋಗ್ತಿತ್ತು?"

"ನಿಮ್ಮ ಮರ್ಯಾದೆ ಬೇಯಿಸ್ಕೊಂಡು ತಿನ್ನಿ," ಎಂದು ಬಾಸಿಲಿಯಾ ಒಳಗೆ ಹೋದಳು. ಎಲ್ವಿರಾ ಹೋಗಲಿಲ್ಲ. ಅಳಲೂ ಇಲ್ಲ. ಅಪ್ಪನನ್ನು ನೋಡುತ್ತಾ ನಿಂತಿದ್ದಳು. ಮರುದಿನ ಬೆಳಗ್ಗೆ ಅವನು ಆಲೂಗಡ್ಡೆ ಹಾಕಲು ಹೋದಾಗ ಅವಳು ಜೇಬಿನ ಮೇಲೆ ಕೈಯಿಟ್ಟು ಮುಂದೆ ನಡೆದುಬಿಟ್ಟಳು. ಬಿಸಿ ಆಲೂಗಡ್ಡೆ ಹಿಡಿದುಕೊಂಡು ನಿಕಾನೋರ್ ಅಂಗಳದಲ್ಲಿ ನಿಂತ. ಅಂಗೈ ಸುಟ್ಟಿತು.

ಹಬ್ಬ ಬಂತು. ಮನಸ್ಸು ಏನೇ ಹೇಳಲಿ, ವೇಷ ಕೈಬಿಡುವ ಹಾಗಿಲ್ಲ. ಸಂತನಿಗೆ ಕೊಟ್ಟ ಮಾತು. ನಿಕಾನೋರ್ ಹೊಟ್ಟೆ ತುರುಕಿಕೊಂಡು, ಬೆಳಗ್ಗೆಯಿಂದ ಬರಿ ಹೊಟ್ಟೆಯಲ್ಲೇ ಕುಣಿದ. ಮಧ್ಯಾಹ್ನದ ಹೊತ್ತಿಗೆ ಕಣಿವೆಯ ದಾರಿಯಿಂದ ಡೋಲು ಕೇಳಿಸಿತು. ಸಾರಮಾಯುನವರು ಬಂದರು. ಹೆಂಗಸರು ಕಂಬಳಿ ಸುತ್ತಿದ ಗಂಜಿಯ ಹಂಡೆ ಹೊತ್ತಿದ್ದರು, ಓರ್ತೆನ್ಸಿಯಾ ಮುಂದಿದ್ದಳು. ಅಬೆಲ್ ಕೊಳಲಿನವರ ಜೊತೆ ತಲೆತಗ್ಗಿಸಿ ನಡೆಯುತ್ತಿದ್ದ. ಲಿಸಾಂದ್ರೊ ಕಾಣಲಿಲ್ಲ. ಆದರೆ ಅವರ ಜೊತೆ ಇಷ್ಟು ವರ್ಷ ಎಂದೂ ಇಲ್ಲದ ಒಂದು ವೇಷ ಬಂದಿತ್ತು.

ಅದು ನಮ್ಮ ಬೆಟ್ಟದ ಮೇಲಿನವನ ವೇಷ. ಕಿವಿ ಮುಚ್ಚುವ ಟೊಪ್ಪಿ, ಅದರ ಮೇಲೊಂದು ಟೊಪ್ಪಿ, ಚಳಿಗೆ ಸೀಳಿದ ತುಟಿಯ ಒಣ ಮುಖವಾಡ. ಬಂದದ್ದೇ ಚೌಕದ ನಡುವೆ ನಿಂತು ಎಲ್ಲರಿಗೂ ಬೇಡ ಅನ್ನತೊಡಗಿತು. ಯಾರೂ ಏನನ್ನೂ ಕೊಟ್ಟಿರಲಿಲ್ಲ. ಗಾಳಿಗೆ ಬೇಡ, ಬಿಸಿಲಿಗೆ ಬೇಡ, ಸಂತನ ಮೂರ್ತಿಗೂ ಸೊಂಟ ಬಗ್ಗಿಸಿ "ಬೇಡ ಸ್ವಾಮಿ, ದಾರೀಲೇ ಆಯ್ತು" ಎಂದಿತು. ಹುಡುಗಿಯೊಬ್ಬಳು ಬಟ್ಟಲು ಚಾಚಿದಳು. "ಬೇಡ!" ಎಂದು ಬಲಗೈ ಎತ್ತಿತು, ಎಡಗೈ ಮಾತ್ರ ಬಟ್ಟಲಿನ ಕಡೆ ತಾನೇ ತಾನಾಗಿ ಹರಿದುಹೋಯಿತು. ಬಲಗೈ ಎಡಗೈಗೆ ಫಟ್ಟನೆ ಹೊಡೆಯಿತು.

ನಿಕಾನೋರ್ ಮುಖವಾಡವನ್ನು ನೆತ್ತಿಗೆ ಸರಿಸಿ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು ಸುಸ್ತಾಗಿ, ಟೊಪ್ಪಿಯಿಂದ ಪಕ್ಕದ ಕಲ್ಲನ್ನು ಮೂರು ಬಾರಿ ಕೊಡವಿ ಕೂತ. "ಏ ಬಾಸಿಲಿಯಾ, ಇದು ನಿಮ್ಮಣ್ಣ ಕಣೇ! ಥೇಟ್ ನಿಮ್ಮಣ್ಣ! ಎಲ್ಲಿ ಹಿಡಿದ್ರೇ ಇವರು ಅವನನ್ನ?"

ಬಾಸಿಲಿಯಾ ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಆಚೀಚೆ ನಿಂತವರೂ ನಗುತ್ತಿದ್ದರು, ಆದರೆ ವೇಷದ ಕಡೆ ನೋಡುತ್ತಿರಲಿಲ್ಲ, ಇವನ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಚೌಕದ ನಡುವೆ ಆ ವೇಷವೂ ಒಂದು ಕಲ್ಲಿನ ಹತ್ತಿರ ಹೋಯಿತು. ಮೇಲಿನ ಟೊಪ್ಪಿ ತೆಗೆಯಿತು. ಒಂದು, ಎರಡು, ಮೂರು ಬಾರಿ ಕೊಡವಿತು. ಕೂತಿತು.

ನಿಕಾನೋರ್ ತನ್ನ ಕೈಯಲ್ಲಿದ್ದ ಟೊಪ್ಪಿಯನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಬುದ್ಧಿಯಾದರೂ ಕಳ್ಳನಿಗಿರುತ್ತದೆ. ಇವನು ಕುಂಬಳಕಾಯಿ ಹೊತ್ತುಕೊಂಡೇ ಕಳ್ಳ ಯಾರು ಎಂದು ಊರೆಲ್ಲ ಕೇಳಿದ್ದ. ಕಿವಿ ಬಿಸಿಯಾಯಿತು. ಎದ್ದು ಮನೆಗೆ ಹೋಗೋಣ ಅನ್ನಿಸಿತು.

ಆದರೆ ಆ ವೇಷ ನೇರ ಅವನ ಕಡೆಯೇ ಬಂತು. ಬರುತ್ತಾ ಸ್ವಲ್ಪ ಕುಂಟುತ್ತಿತ್ತು, ಕಾಲಲ್ಲಿ ಅದೇ ಚರ್ಮದ ಬೂಟು. ಆ ಕುಂಟು ನೋಡಿದ ಮೇಲೆ ಒಳಗಿರುವವರು ಯಾರೆಂದು ನಿಕಾನೋರ್‌ಗೆ ಹೇಳಬೇಕಾಗಿರಲಿಲ್ಲ. "ಹೊಟ್ಟೆರಾಯ, ಕುಣಿತಕ್ಕೆ ಬಾ!" ಎಂದು ಅದು ಕೀರಲು ದನಿಯಲ್ಲಿ ಕರೆಯಿತು. ಮುಖವಾಡವನ್ನು ಇನ್ನೊಂದು ಮುಖವಾಡ ಕರೆದರೆ ಇಲ್ಲ ಅನ್ನುವ ಹಾಗಿಲ್ಲ. ನಮ್ಮೂರಿನಲ್ಲಿ ಬೇಡ ಅನ್ನಲು ಅವಕಾಶವಿಲ್ಲದ ಜಾಗ ಅದೊಂದೇ. ನಿಕಾನೋರ್ ಉದ್ದ ಮೂಗನ್ನು ಮುಖಕ್ಕೆ ಎಳೆದುಕೊಂಡು ಚೌಕಕ್ಕೆ ನಡೆದ. ಕಣಿವೆಯವನಾದ ಮೇಲಿನವನು, ಮೇಲಿನವನಾದ ಕಣಿವೆಯವನು, ಇಬ್ಬರೂ ಎದುರುಬದುರು ನಿಂತರು. ಡೋಲು ನಿಂತಿತು.

ಮೇಲಿನವನ ವೇಷ ಗುಂಪಿನ ಕಡೆ ತಿರುಗಿ, ಎಲ್ವಿರಾಳ ಶಾಲಿನ ತುದಿ ಹಿಡಿದು ಕರೆತಂದು ತನ್ನ ಪಕ್ಕ ನಿಲ್ಲಿಸಿಕೊಂಡಿತು. "ಇವಳು ನನ್ನ ಮಗಳು," ಎಂದಿತು. "ಕಣಿವೆಯೋನೇ, ಏನೋ ಕೇಳೋಕೆ ಬಂದಿದೀಯಂತೆ. ಕೇಳು."

ಜನ ಹೋ ಎಂದರು. ನಿಕಾನೋರ್‌ಗೆ ನಗು ಬರಲಿಲ್ಲ. ಕಣಿವೆಯವನಾಗಿ ಕೇಳಬೇಕು, ಕಣಿವೆಯವರ ಹಾಗೆ, ನೇರವಾಗಿ. ಸೌಟನ್ನು ನೆಲಕ್ಕೂರಿ ಕೀರಲು ದನಿ ತೆಗೆದ. "ನಿನ್ನ ಮಗಳನ್ನ ನನ್ನ ಮಗನಿಗೆ ಕೊಡು."

"ಇಲ್ಲ ಕಣಯ್ಯಾ. ನನ್ನ ಮಗಳಿಗೆ ಆಲೂಗಡ್ಡೆ ಸಿಪ್ಪೆ ಸುಲಿಯೋಕೂ ಬರಲ್ಲ. ಕೊಡಲ್ಲ."

ಒಂದಕ್ಷರ ತಪ್ಪಿರಲಿಲ್ಲ. ಇದು ಬರೀ ಶಾಸ್ತ್ರ, ಇದರಲ್ಲಿ ಏನೂ ಇಲ್ಲ ಎಂದು ಈ ಭೂಮಿಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಿಕಾನೋರ್. ಗೊತ್ತಿದ್ದೂ ಎದೆಗೆ ಗುದ್ದಿದಂತಾಯಿತು. ಊರ ಮುಂದೆ ಬಾಯಿಬಿಟ್ಟು ಕೇಳಿದ್ದಕ್ಕೆ ಬಾಗಿಲು ಹಾಕಿದ ಹಾಗೆ ಇಲ್ಲ ಅಂದರೆ ಇಷ್ಟು ನೋಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳುತ್ತಾರೆ? ಜೀವಮಾನದಲ್ಲಿ ಅವನು ಯಾರಲ್ಲೂ ಏನನ್ನೂ ಕೇಳಿದವನೇ ಅಲ್ಲ. ಬರೀ ಬೇಡ ಅಂದುಕೊಂಡು, ಬೇರೆಯವರು ಕೇಳಲಿ ಎಂದು ಕಾಯುತ್ತಾ ಬಂದವನು. ಸುಲಿದ ಹಿಮ್ಮಡಿಯ ಲಿಸಾಂದ್ರೊ ಅವತ್ತು ಆ ಇಳಿಜಾರನ್ನು ಹೇಗೆ ಇಳಿದನೋ ಎಂದು ಮೊದಲ ಬಾರಿಗೆ ಯೋಚನೆ ಬಂತು. ಅವನದೇ ಕಾಲು ಮನೆಯ ಕಡೆ ತಿರುಗಿತ್ತು. "ಸರಿ ಹಾಗಾದ್ರೆ" ಎಂಬ ಮಾತು ಬಾಯಿಗೇ ಬಂದಿತ್ತು.

ಎಲ್ವಿರಾ ನೋಡುತ್ತಿದ್ದಳು. ಆಗ ಅವನು ತಿರುಗಿದ ಕಾಲನ್ನು ವಾಪಸು ತಂದ.

"ಕೊಡು ಮಾರಾಯ," ಎಂದ. "ನನ್ನ ಮಗ ಒಳ್ಳೆಯವನು. ಕೊಡು."

"ಅವಳಿಲ್ಲದೆ ನಮ್ಮ ನಾಯಿ ಊಟ ಬಿಡುತ್ತೆ. ಕೊಡಲ್ಲ."

ಇದನ್ನು ಯಾರು ಹೇಳಿಕೊಟ್ಟರೋ. ಅಬೆಲ್ ಕೊಳಲಿನ ಹಿಂದೆ ಮುಖ ಮುಚ್ಚಿಕೊಂಡಿದ್ದ. ಎಲ್ವಿರಾ ನಗು ತಡೆಯಲು ತುಟಿ ಕಚ್ಚಿಕೊಂಡಳು. ನಿಕಾನೋರ್‌ಗೆ ಎಲ್ಲ ಅರ್ಥವಾಯಿತು. ಮೂರು ತಿಂಗಳು ತಾನು ಗೋಡೆ ಮೇಲೆ ಕೂತಿದ್ದಾಗ ಈ ಇಬ್ಬರು ಮಕ್ಕಳು ಒಬ್ಬ ಮುದುಕನಿಗೆ ಪಾಠ ಹೇಳಿಕೊಡುತ್ತಿದ್ದರು. ಆ ಮುದುಕ ಕಲಿತು, ಸುಲಿದ ಕಾಲಿನಲ್ಲೇ ಮತ್ತೆ ಬೆಟ್ಟ ಹತ್ತಿ ಬಂದಿದ್ದ. ತಾನು ಮಾತ್ರ ಒಂದು ಹೆಜ್ಜೆ ಇಳಿದಿರಲಿಲ್ಲ.

ಮೂರನೇ ಸಲ ಕೇಳುವಾಗ ಕೀರಲು ದನಿ ಬರಲಿಲ್ಲ. ಅವನದೇ ಒರಟು ಗಂಟಲು ಬಂತು. "ಕೊಡು ಲಿಸಾಂದ್ರೊ. ಅವತ್ತು ನನಗೆ ಹೂಂ ಅನ್ನೋಕೆ ಬರಲಿಲ್ಲ ಕಣೋ. ಕೊಡು."

ಮುಖವಾಡದ ಒಳಗಿಂದ ದೊಡ್ಡ ನಿಟ್ಟುಸಿರು ಬಂತು. ನಮ್ಮದೇ ನಿಟ್ಟುಸಿರು, ನಿಕಾನೋರ್‌ನದೇ. "ನಿನ್ನ ಮನಸ್ಸು ನೋಯಿಸಬಾರದಲ್ಲ," ಎಂದಿತು ಅದು. "ಆಯ್ತು. ಕರಕೊಂಡು ಹೋಗು."

ಚೌಕ ಕಿತ್ತುಹೋಗುವ ಹಾಗೆ ಕೂಗಿತು. ಡೋಲಿನವನು ಕೋಲು ಎತ್ತಿದ. ಮೇಲಿನವನ ವೇಷ ಅವನಿಗೆ ತಾಳು ಎಂದು ಕೈ ತೋರಿಸಿತು. ಇನ್ನೂ ಒಂದು ಬಾಕಿಯಿತ್ತು. ಅದು ಆಕಾಶ ನೋಡಿತು, ಏನೋ ಬೇರೆಯೇ ಯೋಚನೆಯಲ್ಲಿರುವವರ ಹಾಗೆ. ಸೊಂಟದ ಬಟ್ಟೆಯಿಂದ ಒಂದು ಬೇಯಿಸಿದ ಆಲೂಗಡ್ಡೆ ತೆಗೆಯಿತು. ಆಕಾಶ ನೋಡುತ್ತಲೇ, ಎಲ್ವಿರಾಳ ಜೇಬಿಗೆ ಹಾಕಿತು.

ಯಾರೂ ನಗಲಿಲ್ಲ. ಒಲೆಯ ಪಕ್ಕ ಕುರಿ ಚರ್ಮದ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದವನು ಹದಿನೇಳು ವರ್ಷ ಬೆಳಗಿನ ಜಾವ ಒಂದು ಕಣ್ಣು ತೆರೆದು ಇದನ್ನು ನೋಡಿದ್ದ. ನಿಕಾನೋರ್ ಅವನಲ್ಲಿ ನೋಡಿದ್ದು ಹೊಟ್ಟೆ ಒಂದನ್ನೇ. ನಾಚಿಕೆಯೂ ಅಳುವೂ ಒಟ್ಟಿಗೇ ನುಗ್ಗಿದವು. ಉದ್ದ ಮೂಗಿನ ಮುಖವಾಡದೊಳಗೆ ಅವನು ಅತ್ತ, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕಿತು. ಎಲ್ವಿರಾ ಜೇಬಿನ ಮೇಲೆ ಕೈಯಿಟ್ಟುಕೊಂಡಳು. ಈ ಸಲ ತಡೆಯಲಿಕ್ಕಲ್ಲ.

ಆಮೇಲೆ ಮುಖವಾಡಗಳು ಕಳಚಿದವು. ಲಿಸಾಂದ್ರೊನ ಮುಖ ಬೆವರಿನಲ್ಲಿ ತೊಯ್ದುಹೋಗಿತ್ತು. "ಹೊಟ್ಟೆರಾಯ ನಾನೇ ಅಂತ ಮೊದಲನೇ ವರ್ಷಾನೇ ಗೊತ್ತಾಗಿತ್ತು ಕಣೋ," ಎಂದ. "ಮನೆಗೆ ಹೋಗಿ ಸೊಂಟಪಟ್ಟಿ ಒಂದು ತೂತು ಬಿಗಿ ಮಾಡ್ದೆ."

"ಮತ್ತೆ ಮೂರು ಬಟ್ಟಲು ಯಾಕೆ ತಿಂತಿದ್ದೆ?"

"ಮೂರು ಸಲ ಕೇಳ್ತಿದ್ರಲ್ಲೋ! ಬೇಡ ಅಂದ್ರೆ ಬೇಜಾರಾಗುತ್ತೇನೋ ಅಂತ. ಎರಡನೇದಕ್ಕೇ ನನ್ನ ಪ್ರಾಣ ಹೋಗ್ತಿತ್ತು."

ಅಷ್ಟರಲ್ಲಿ ಓರ್ತೆನ್ಸಿಯಾ ಬಂದಳು. ಕೈಯಲ್ಲಿ ಹೊಗೆಯಾಡುವ ಬಟ್ಟಲು, ಅದರೊಳಗೆ ಜೋಳದ ಗಂಜಿ, ಗಂಜಿಯ ನಡುವೆ ಒಂದು ದಪ್ಪ ಮಾಂಸದ ತುಂಡು.

"ಗಂಜಿ ಕುಡೀತೀರಾ ಬೀಗರೇ?"

"ಬೇಡ ತಾಯಿ, ಆಗಲೇ ಆಯ್ತು," ಎಂದ ನಿಕಾನೋರ್. ಅವನು ಹೇಳಿದ್ದಲ್ಲ, ಅವನ ಬಾಯಿ ಹೇಳಿದ್ದು. ಐವತ್ತು ವರ್ಷದ ಬಾಯಿ, ಒಂದು ಮಧ್ಯಾಹ್ನಕ್ಕೆ ಬುದ್ಧಿ ಕಲಿಯುತ್ತದೆಯೇ?

"ಸರಿ ಹಾಗಾದ್ರೆ," ಎಂದು ಓರ್ತೆನ್ಸಿಯಾ ಬಟ್ಟಲು ತೆಗೆದುಕೊಂಡು ಹೊರಟೇಹೋದಳು. ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ಗಂಜಿ ಗುಂಪಿನೊಳಗೆ ಕರಗುವುದರಲ್ಲಿತ್ತು. ನಿಕಾನೋರ್ ಲಿಸಾಂದ್ರೊನ ಮುಖ ನೋಡಿದ. ಲಿಸಾಂದ್ರೊ ಕಾಯುತ್ತಿದ್ದ. ಎಲ್ವಿರಾಳೂ ಕಾಯುತ್ತಿದ್ದಳು.

ನಿಕಾನೋರ್ ಓಡಿದ. ಅಂಗಿಯೊಳಗಿನ ಹೊಟ್ಟೆ ಕಳಚಿ, ಉಣ್ಣೆ ದಾರಿಯುದ್ದಕ್ಕೂ ಉದುರಿತು.

"ಬೀಗಿತ್ತೀ, ನಿಲ್ಲಮ್ಮಾ!" ಎಂದು ಇಡೀ ಹಬ್ಬಕ್ಕೆ ಕೇಳಿಸುವ ಹಾಗೆ ಕೂಗಿದ. "ಹಸಿವಾಗಿದೆ. ಹತ್ತೊಂಬತ್ತು ವರ್ಷದಿಂದ ಹಸಿವಾಗಿದೆ!"